ಕೇಳದೆ ಬದಲಿಸಿದ ಫರ್ಮ್‌ವೇರ್

೨೦೨೩ರ ಜನವರಿ. ನಾಂಪಲ್ಲಿಯಲ್ಲಿ ವರ್ಷದ ಮೊದಲಿಗೆ ನಡೆಯುವ ಎಕ್ಸಿಬಿಷನ್ ಆಗ ನಡೆದಿತ್ತು ಎಂಬ ನೆನಪಿನಿಂದ ಜನವರಿ ಎನ್ನುತ್ತಿದ್ದೇನೆ. ಫೆಬ್ರವರಿಯ ಮೊದಲ ವಾರವೂ ಆಗಿರಬಹುದು. ಆಗ ನಾನು ಹೈದರಾಬಾದಿನ ದಿಲ್‌ಸುಖ್‌ನಗರದಲ್ಲಿ, ಕೋಚಿಂಗ್ ಸೆಂಟರ್ ಒಂದರ ಮೇಲಿನ ಮಹಡಿಯಲ್ಲಿದ್ದ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಹಿರಿಯ ತಂತ್ರಜ್ಞನಾಗಿದ್ದೆ. ಅದೇ ನಗರದ ತಾರ್ನಾಕದ ವಿಶ್ವವಿದ್ಯಾಲಯದಲ್ಲಿ ಓದಿ ಎಲೆಕ್ಟ್ರಾನಿಕ್ಸ್‌ನಲ್ಲಿ ಎಂ.ಎಸ್ಸಿ. ಮಾಡಿದವನು. ಎರಡು ಕಂಪನಿಗಳಲ್ಲಿ ನಿಲ್ಲಲಾರದೆ ಬಿಟ್ಟು ಬಂದು ಈ ಬೆಂಚಿನ ಮುಂದೆ ಕೂತಿದ್ದೆ. ಅಂಗಡಿಯ ಮಾಲೀಕ ಖಾದರ್ ಭಾಯ್ ನನ್ನಂತೆಯೇ ರಾಯಚೂರಿನ ಕಡೆಯವರು. ನನ್ನನ್ನು ಕರೆಯುತ್ತಿದ್ದುದು ‘ಎಮ್ಮೆಸ್ಸಿ ಸಾಹೇಬ್ರು’ ಎಂದು. ಅದರಲ್ಲಿ ಮರ್ಯಾದೆ ಎಷ್ಟಿತ್ತು, ಹಾಸ್ಯ ಎಷ್ಟಿತ್ತು ಎಂದು ನನಗೆ ಕೊನೆಗೂ ಗೊತ್ತಾಗಲಿಲ್ಲ.

ಒಂದು ಮಂಗಳವಾರ ಬೆಳಿಗ್ಗೆ ಮಹಾನಂದಾ ಎಂಬವರು ತಮ್ಮ ಸಿಪಿಯು ಪೆಟ್ಟಿಗೆಯನ್ನು ಆಟೋದಲ್ಲಿ ತಂದರು. ಲಿಂಗಸುಗೂರಿನವರು, ಇಪ್ಪತ್ತೇಳು ವರ್ಷ ಇರಬಹುದು. ಹಗಲು ಹತ್ತಿರದ ಫೋಟೊ ಸ್ಟುಡಿಯೊದಲ್ಲಿ ಮದುವೆ ಆಲ್ಬಮ್ ವಿನ್ಯಾಸ ಮಾಡುತ್ತಿದ್ದರು. ಉಳಿದ ಹೊತ್ತಿನಲ್ಲಿ ಸ್ವಂತ ಶ್ರಮದಿಂದ ಆನಿಮೇಷನ್ ಕಲಿತಿದ್ದರು. ನಗರದ ಒಂದು ಆನಿಮೇಷನ್ ಸ್ಟುಡಿಯೊ ವರ್ಷಕ್ಕೊಮ್ಮೆ ತರಬೇತಿಗೆ ಕೆಲವರನ್ನು ಆರಿಸುತ್ತಿತ್ತು. ಒಂದು ನಿಮಿಷದ ಸ್ವಂತ ಚಿತ್ರ ಕಳಿಸಬೇಕು. ಕೊನೆಯ ದಿನ ಮುಂದಿನ ಸೋಮವಾರ.

“ಸರ್, ಫ್ಯಾನ್ ಭಾಳ ಸಪ್ಪಳ ಮಾಡಾಕತ್ತೈತ್ರಿ. ಧೂಳ ತಗದು ಕೊಡ್ರಿ, ಸಾಕು. ಸಂಜಿಮುಂದ ರೆಂಡರ್‌ಗೆ ಹಚ್ಚಬೇಕು,” ಎಂದರು.

ರೆಂಡರ್ ಎಂದರೆ ಕಂಪ್ಯೂಟರ್ ಚಿತ್ರದ ಒಂದೊಂದು ಚೌಕಟ್ಟನ್ನೂ ಬೆಳಕು ನೆರಳುಗಳ ಲೆಕ್ಕ ಹಾಕಿ ಬಿಡಿಸುವುದು. ಸೆಕೆಂಡಿಗೆ ಇಪ್ಪತ್ನಾಲ್ಕು ಚೌಕಟ್ಟು, ನಿಮಿಷಕ್ಕೆ ೧೪೪೦. ಅವರ ಗ್ರಾಫಿಕ್ಸ್ ಕಾರ್ಡ್ ಒಂದು ಚೌಕಟ್ಟಿಗೆ ಐದು ನಿಮಿಷ ತೆಗೆದುಕೊಳ್ಳುತ್ತಿತ್ತು. ಒಟ್ಟು ನೂರಿಪ್ಪತ್ತು ಗಂಟೆ, ಅಂದರೆ ಐದು ದಿನ. ಕೈಯಲ್ಲಿ ಸುಮಾರು ಆರು ದಿನ ಇತ್ತು. ಸಾಲುತ್ತಿತ್ತು.

ಚಿತ್ರದ ಕಥೆಯನ್ನೂ ಹೇಳಿದರು. ಕಟ್ಟಡದ ಎತ್ತರದ ಕ್ರೇನಿನ ಮೇಲೆ ಪಾರಿವಾಳವೊಂದು ಗೂಡು ಕಟ್ಟುತ್ತದೆ. ಹಕ್ಕಿ ಕಾಳಿಗೆಂದು ಹಾರಿಹೋದಾಗ ಕ್ರೇನ್ ತಿರುಗುತ್ತದೆ. ಮರಳಿ ಬಂದ ಹಕ್ಕಿ ಗೂಡನ್ನು ಹುಡುಕಿ ಕಂಡುಕೊಳ್ಳುತ್ತದೆ.

ಧೂಳು ತೆಗೆದೆ, ಚಿಪ್ಪಿನ ಶಾಖವನ್ನು ಹೊರಗೆ ಸಾಗಿಸುವ, ಒಣಗಿದ್ದ ಪೇಸ್ಟ್ ಬದಲಿಸಿದೆ. ಒಂದು ಗಂಟೆಯ ಕೆಲಸ. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಆ ಕಾರ್ಡಿನ ವಿಷಯ ನನಗೆ ಗೊತ್ತಿತ್ತು. ಅದೇ ಚಿಪ್ಪನ್ನು ತಯಾರಕರು ಎರಡು ಹೆಸರಿನಲ್ಲಿ ಮಾರುತ್ತಿದ್ದರು, ಒಂದು ಅಗ್ಗ, ಒಂದು ದುಬಾರಿ. ಇವರ ಬಳಿಯಿದ್ದ ಅಗ್ಗದ ಕಾರ್ಡು ೧೫೦ ವ್ಯಾಟ್‌ಗಿಂತ ಹೆಚ್ಚು ವಿದ್ಯುತ್ ಎಳೆಯದಂತೆ ತಡೆಯುತ್ತಿದ್ದುದು ಅದರ ಫರ್ಮ್‌ವೇರ್, ಅಂದರೆ ಕಾರ್ಡಿನೊಳಗೇ ಕೂತು ಅದರ ನಡೆಯನ್ನು ನಿರ್ಧರಿಸುವ ಪುಟ್ಟ ತಂತ್ರಾಂಶ. ದುಬಾರಿ ಕಾರ್ಡಿನ ಫರ್ಮ್‌ವೇರನ್ನು ಯಾರೋ ತಿದ್ದಿ ಅಂತರಜಾಲದಲ್ಲಿ ಹಾಕಿದ್ದರು. ಅದನ್ನು ಇದಕ್ಕೆ ತುಂಬಿದರೆ ಮಿತಿ ೧೮೫ಕ್ಕೆ ಏರುತ್ತದೆ, ಕಾರ್ಡಿನ ವೇಗವೂ ಹೆಚ್ಚುತ್ತದೆ. ಇದಕ್ಕೆ ಫ್ಲ್ಯಾಶ್ ಮಾಡುವುದು ಎನ್ನುತ್ತೇವೆ. ಎರಡು ನಿಮಿಷದ ಕೆಲಸ.

“ಸ್ಪೀಡೂ ಒಂದೀಟು ಹೆಚ್ಚ ಮಾಡಿಕೊಡ್ಲೇನ್ ತಂಗಿ?” ಎಂದು ಕೇಳಿದೆ; ಅವರು ತಲೆಯಾಡಿಸಿದರು. ಹೀಗೆಂದು ನಾನು ವರ್ಷಗಟ್ಟಲೆ ನಂಬಿದ್ದೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ನಮ್ಮ ಕಸುಬಿನವರಿಗೆ ಒಂದು ಶಿಸ್ತು ಇದೆ. ಹೊಸ ಫರ್ಮ್‌ವೇರ್ ತುಂಬುವ ಮೊದಲು ಮೂಲದ ಪ್ರತಿ ತೆಗೆದಿಡುತ್ತೇವೆ. ಪ್ರತಿ ಇದ್ದರೆ ಏನೇ ಕೆಟ್ಟರೂ ಹಿಂದಕ್ಕೆ ತರಬಹುದು ಎಂಬ ಧೈರ್ಯ. ಪ್ರತಿ ತೆಗೆದಿಟ್ಟೆ. ಫ್ಲ್ಯಾಶ್ ಮಾಡಿದೆ. ಅರ್ಧ ಗಂಟೆ ಪೂರ್ತಿ ಭಾರ ಹಾಕಿ ಪರೀಕ್ಷಿಸಿದೆ. ಚಿಪ್ಪಿನ ಶಾಖ ಎಪ್ಪತ್ತೊಂದು ಡಿಗ್ರಿ ದಾಟಲಿಲ್ಲ. ಅವರದೇ ಒಂದು ಚೌಕಟ್ಟನ್ನು ಬಿಡಿಸಿ ನೋಡಿದರೆ ನಾಲ್ಕು ನಿಮಿಷ ಇಪ್ಪತ್ತೈದು ಸೆಕೆಂಡ್. ಒಟ್ಟಿನಲ್ಲಿ ಹದಿನಾಲ್ಕು ಗಂಟೆ ಉಳಿಯುತ್ತಿತ್ತು.

ಶಾಖ ತೋರಿಸುವ ಆ ಪರದೆಯಲ್ಲಿ ಇನ್ನೊಂದು ಸಾಲಿತ್ತು. ಹನ್ನೆರಡು ವೋಲ್ಟನ್ನು ಚಿಪ್ಪಿಗೆ ಬೇಕಾದಷ್ಟಕ್ಕೆ ಇಳಿಸುವ ಬಿಡಿಭಾಗಗಳ ಶಾಖದ ಸಾಲು. ದುಬಾರಿ ಕಾರ್ಡಿನಲ್ಲಿ ಏಳು ಗುಂಪುಗಳು ಹಂಚಿಕೊಳ್ಳುವ ಆ ಹೊರೆಯನ್ನು ಇದರಲ್ಲಿ ಐದೇ ಗುಂಪುಗಳು ಹೊರುತ್ತಿದ್ದವು. ಅಲ್ಲಿ ಶಾಖ ಅಳೆಯುವ ಸೆನ್ಸರನ್ನೇ ಕೂಡಿಸಿರಲಿಲ್ಲ, ಆದ್ದರಿಂದ ಆ ಸಾಲು ಖಾಲಿ. ಆ ಖಾಲಿ ಜಾಗವನ್ನು ನಾನು ನೋಡಿ ಬಿಟ್ಟೆನೋ, ನೋಡಲೇ ಇಲ್ಲವೋ, ಇಂದಿಗೂ ಹೇಳಲಾರೆ. ಕಂಡ ಅಂಕಿಗಳೆಲ್ಲ ಚೆನ್ನಾಗಿದ್ದವು, ಅಷ್ಟೇ ಸಾಕಾಯಿತು. ಎಲ್ಲವನ್ನೂ ಸಂಶಯಿಸುವುದೇ ವಿದ್ಯೆ ಎಂದು ಕಲಿತು ಬಂದವನು, ಕಾಣದಿದ್ದುದನ್ನು ಸಂಶಯಿಸಲಿಲ್ಲ.

ಗುರುವಾರ ಮಧ್ಯಾಹ್ನ ಮಹಾನಂದಾ ಮತ್ತೆ ಆಟೋದಲ್ಲಿ ಬಂದರು. ಮುಖ ನೋಡಿದಾಗಲೇ ತಿಳಿಯಿತು.

“ಆರ್‌ನೂರಾ ಹನ್ನೆರಡ ಫ್ರೇಮಿಗೆ ನಿಂತೈತ್ರಿ ಸರ್. ಸುಟ್ಟ ವಾಸನಿ ಬಂತು.”

ಕಾರ್ಡ್ ಬಿಚ್ಚಿದೆ. ವೋಲ್ಟ್ ಇಳಿಸುವ ಐದು ಗುಂಪುಗಳಲ್ಲಿ ಒಂದು ಕರಗಿ ಬೋರ್ಡಿನೊಳಗಿನ ತಾಮ್ರದವರೆಗೂ ಸುಟ್ಟಿತ್ತು. ಅರ್ಧ ಗಂಟೆ ತಡೆದದ್ದು ನಲವತ್ತೈದು ಗಂಟೆ ತಡೆಯಲಿಲ್ಲ. ಆಗ ನಾನು ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಫರ್ಮ್‌ವೇರ್ ಇರುವ ಪುಟ್ಟ ಚಿಪ್ಪಿಗೆ ಹೊರಗಿನಿಂದ ಕ್ಲಿಪ್ ಹಚ್ಚಿ, ತೆಗೆದಿಟ್ಟ ಮೂಲ ಪ್ರತಿಯನ್ನು ಮರಳಿ ತುಂಬಿದೆ. ‘ಬರೆದದ್ದು ಸರಿಯಾಗಿದೆ’ ಎಂದು ಪರದೆ ಹೇಳಿತು. ಸತ್ತ ಕಾರ್ಡಿನಲ್ಲಿ ಮೂಲ ಫರ್ಮ್‌ವೇರ್ ಒಂದು ಅಕ್ಷರವೂ ತಪ್ಪದೆ ಕೂತಿತ್ತು.

ಖಾದರ್ ಭಾಯ್ ಹಿಂದೆ ನಿಂತು ನೋಡುತ್ತಿದ್ದರು. “ಅರೆ ಎಮ್ಮೆಸ್ಸಿ ಸಾಹೇಬ್ರ, ಒಗಿಯಾಕ ಕೊಟ್ಟ ಅಂಗಿಗೆ ಹೊಸಾ ತೋಳು ಹೊಲಿಯಂತ ಯಾರ ಹೇಳಿದ್ರು ನಿಮಗ?”

“ಅಕಿಗೆ ಅನುಕೂಲ ಆಗಲಿ ಅಂತ ಮಾಡಿದೆ, ಭಾಯ್.”

“ಅಕಿಗೋ, ನಿಮ್ಮ ಕೈಚಳಕಕ್ಕೋ?”

ಅಂಗಡಿಯ ಹಳೆಯ ಕಾರ್ಡನ್ನು ಹಾಕಿ ಕೊಟ್ಟೆವು. ಅದರ ಮೆಮೊರಿ ನಾಲ್ಕು ಜಿಬಿ. ಆ ಚಿತ್ರದ ದೃಶ್ಯಕ್ಕೆ ಏಳು ಬೇಕಿತ್ತು. ಅದರಲ್ಲಿ ದೃಶ್ಯ ತೆರೆಯಲೇ ಇಲ್ಲ. ಎರಡು ಪರಿಚಿತ ಅಂಗಡಿಗಳಿಗೆ ಫೋನ್ ಮಾಡಿದೆ, ಬೇಕಾದ ಕಾರ್ಡ್ ಸಿಗಲಿಲ್ಲ. ಅಂತರಜಾಲದಲ್ಲಿ ಬಾಡಿಗೆಗೆ ಸಿಗುವ ಯಂತ್ರಗಳಲ್ಲಿ ರೆಂಡರ್ ಮಾಡಿಸಬಹುದಿತ್ತು ಎಂಬುದು ನನಗೆ ಹೊಳೆದದ್ದು ಮುಂದಿನ ವಾರ. ಅಷ್ಟು ಓದಿದ ತಲೆಗೆ ಅಗತ್ಯವಿದ್ದ ಹೊತ್ತಿನಲ್ಲಿ ಅದೊಂದು ಹೊಳೆಯಲಿಲ್ಲ.

ಮಹಾನಂದಾ ಇದ್ದಷ್ಟನ್ನೇ ಕಳಿಸಿದರು, ಇಪ್ಪತ್ತೈದೂವರೆ ಸೆಕೆಂಡ್. ಹಕ್ಕಿ ಗೂಡು ಬಿಟ್ಟು ಹಾರುತ್ತದೆ, ಚಿತ್ರ ನಿಲ್ಲುತ್ತದೆ. ಪೂರ್ತಿ ಒಂದು ನಿಮಿಷ ಇಲ್ಲದ ಚಿತ್ರಗಳನ್ನು ಪರಿಗಣಿಸುವುದಿಲ್ಲ ಎಂದು ಉತ್ತರ ಬಂತು. ಮುಂದೆ ಅಂಗಡಿಯಿಂದ ಅವರಿಗೆ ಬೇರೆ ಕಾರ್ಡ್ ಕೊಟ್ಟೆವು. ತೆಗೆದುಕೊಂಡು, ಥ್ಯಾಂಕ್ಸ್ ಎಂದು ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಈ ಪ್ರಸಂಗವನ್ನು ಬರೆಯಲು ಕೂತಾಗ ಹಳೆಯ ಜಾಬ್ ಶೀಟ್ ಹುಡುಕಿದೆ. ಗಿರಾಕಿ ಹೇಳಿದ ಕೆಲಸವನ್ನು ನಾವು ಬರೆದುಕೊಳ್ಳುವ ಚೀಟಿ ಅದು. ನನ್ನದೇ ಅಕ್ಷರ: ‘ಧೂಳು, ಪೇಸ್ಟ್.’ ಕೆಳಗೆ ಅವರ ಸಹಿ. ಫರ್ಮ್‌ವೇರ್ ಎಂಬ ಮಾತೇ ಇಲ್ಲ. ನಾನು ಕೇಳಿದ್ದು, ಅವರು ತಲೆಯಾಡಿಸಿದ್ದು, ಅಷ್ಟು ಸ್ಪಷ್ಟವಾಗಿ ಕಣ್ಣ ಮುಂದಿರುವ ಆ ಕ್ಷಣ ಎಲ್ಲಿಂದ ಬಂತು? ಎರಡು ದಿನ ತಡೆದು ಮಹಾನಂದಾ ಅವರಿಗೆ ಫೋನ್ ಮಾಡಿದೆ. ಈಗಲೂ ಆಲ್ಬಮ್ ಕೆಲಸವನ್ನೇ ಮಾಡುತ್ತಿದ್ದಾರೆ. ಮರುವರ್ಷ ಅರ್ಜಿ ಹಾಕಲಿಲ್ಲವಂತೆ. ಮತ್ತೆ ರೆಂಡರ್‌ಗೆ ಹಚ್ಚಲು ಮನಸ್ಸಾಗಲಿಲ್ಲ ಎಂದರು.

“ಫ್ಲ್ಯಾಶ್ ಮಾಡೂ ಮೊದಲ ನಾ ನಿಮ್ಮನ್ನ ಕೇಳಿದ್ದೆ ಅಲ್ಲೇನ್ರಿ?” ಎಂದೆ.

“ಇಲ್ಲರಿ ಸರ್. ನಾ ಚಾ ಕುಡದು ಬರೂದ್ರಾಗ ಆಗಿತ್ತು. ಭಾಳ ಖುಷಿಲೆ ತೋರಿಸಿದ್ರಿ. ನಾನೂ ಖುಷಿ ಪಟ್ಟೆ. ಆವಾಗ ತಲಿ ಆಡಿಸಿರಬೇಕು.”

ಕೇಳಬಾರದಿತ್ತೇನೋ, ಆದರೂ ಕೇಳಿದೆ: “ಕೇಳಿದ್ರ ಬ್ಯಾಡ ಅಂತಿದ್ರೇನು?”

“ಹೂಂ ಅಂತಿದ್ನೋ ಏನೋ. ಹಂಗ ಅಂದಿದ್ರ ಅದು ನನ್ನ ತಪ್ಪೂ ಆಗತಿತ್ತಲ್ರಿ. ಯಾಡ ದಿನಾ ಅತ್ತು ಮತ್ತ ಹೊಸಾದು ಹಚ್ಚತಿದ್ನೇನೋ.”

ಒಪ್ಪಿಗೆ ಕೇಳುವುದು ರಿಪೇರಿಯವನ ರಕ್ಷಣೆಗೆ ಎಂದು ನಾನು ತಿಳಿದಿದ್ದೆ. ಯಂತ್ರ ಯಾರದೋ, ಅದರೊಳಗಿನ ಅಪಾಯವನ್ನು ಆರಿಸುವ ಹಕ್ಕೂ ಅವರದು. ಕೆಟ್ಟರೆ, ಕೆಟ್ಟದ್ದು ತಮ್ಮ ನಿರ್ಧಾರದಿಂದ ಎಂಬುದಾದರೂ ಅವರ ಬಳಿ ಉಳಿಯುತ್ತದೆ. ಮಹಾನಂದಾ ಅವರಿಗೆ ನಾನು ಅದನ್ನೂ ಉಳಿಸಲಿಲ್ಲ.