ಮಾವನ ಜೊತೆ ಭಟ್ಕಳಕ್ಕೆ, ಅರ್ಧ ಆಟಕ್ಕೆ

ಕುಮಟಾ ಬಸ್ ನಿಲ್ದಾಣದಿಂದ ನಾವು ಹೊರಟಾಗ ಹನ್ನೆರಡೂವರೆ. ಭಟ್ಕಳ ಅಲ್ಲಿಂದ ಅರವತ್ತು ಕಿಲೋಮೀಟರಿಗೆ ತುಸು ಕಡಿಮೆ, ಆಟ ನಾಲ್ಕಕ್ಕೆ. ಬಸ್ಸು ಎಷ್ಟು ತೆವಳಿದರೂ ಮೂರರೊಳಗೆ ಮುಟ್ಟುತ್ತೇವೆ ಎಂದು ಲೆಕ್ಕ ಹಾಕಿದ್ದೆ. ಪಕ್ಕದಲ್ಲಿ ಮಾವ ಕೂತಿದ್ದಾನೆ ಎಂಬುದನ್ನು ಆ ಲೆಕ್ಕಕ್ಕೆ ಸೇರಿಸಿರಲಿಲ್ಲ.

ನಾನು ಫುಟ್‌ಬಾಲಿನಲ್ಲಿ ಡಿಫೆಂಡರ್. ಗೋಲು ಹೊಡೆಯಲು ಬರುವವರನ್ನು ತಡೆಯುವುದೇ ಕೆಲಸ. ಹದಿನಾಲ್ಕು ವರ್ಷಗಳಲ್ಲಿ ಗೋವಾ, ಕೇರಳ, ಕೋಲ್ಕತ್ತ ಎಂದು ಒಂಬತ್ತು ಕ್ಲಬ್ಬುಗಳ ಅಂಗಿ ತೊಟ್ಟಿದ್ದೇನೆ. ಯಾರೂ ಬಹಳ ದಿನ ಇಟ್ಟುಕೊಳ್ಳಲಿಲ್ಲ, ಬೈದು ಕಳಿಸಲೂ ಇಲ್ಲ. ಟಿವಿಯಲ್ಲಿ ಕಂಡ ನನ್ನ ಒಂದೇ ಒಂದು ಗೋಲು ನಮ್ಮದೇ ತಂಡದ ಮೇಲೆ ಆದದ್ದು. ಅದಕ್ಕೂ ನಮ್ಮೂರು ಬಾಡದಲ್ಲಿ ಪಟಾಕಿ ಹೊಡೆದಿದ್ದರು.

ಈ ವರ್ಷ ಯಾವ ಕ್ಲಬ್ಬೂ ಕರೆದಿರಲಿಲ್ಲ, ಭಟ್ಕಳದ ಊರ ತಂಡವೊಂದನ್ನು ಬಿಟ್ಟರೆ. ಗೋವಾದ ಒಂದು ಕ್ಲಬ್ಬಿನ ಮ್ಯಾನೇಜರು ಮಾತ್ರ, "ಭಟ್ಕಳದ ಮ್ಯಾಚಿಗೆ ಬರ್ತೇನೆ, ಶಾಮಿಯಾನದ ನಡುವಿನ ಕುರ್ಚಿಯಲ್ಲಿರ್ತೇನೆ, ನಿಮ್ಮ ಆಟ ನೋಡಿ ಹೇಳ್ತೇನೆ" ಎಂದು ಫೋನಿನಲ್ಲಿ ಹೇಳಿದ್ದರು. ಮೂವತ್ತಾರು ದಾಟಿದ ಮೊಣಕಾಲಿಗೆ ಇನ್ನೊಂದು ಅವಕಾಶ ಸಿಗುವುದಿಲ್ಲ ಎಂದು ನನಗೆ ಗೊತ್ತಿತ್ತು.

ಮಾವ ಬೋಟಿನ ತಾಂಡೇಲ; ಅವನು ಹೇಳಿದ ಕಡೆ ಬೋಟು ತಿರುಗಬೇಕು. ನನ್ನ ಆಟ ಒಮ್ಮೆಯೂ ನೋಡಿದವನಲ್ಲ, ಅದಕ್ಕೇ ಹೊರಟಿದ್ದ. ಮೀನಿಗೆ ಹೊರಟವರನ್ನು ಎಲ್ಲಿಗೆ ಎಂದು ಯಾರೂ ಕೇಳಬಾರದು ಎಂಬುದು ಬೋಟಿನವರ ನಂಬಿಕೆ, ಮಾವನಿಗೆ ಅದು ಬಸ್ಸಿಗೂ ಅನ್ವಯ. ಕೇಳಿದರೆ ಮನೆಗೆ ಮರಳಿ, ನೀರು ಕುಡಿದು, ಹೊಸದಾಗಿ ಹೊರಡಬೇಕು. ಹಂದಿಗೋಣ ದಾಟುವಾಗ ಕಂಡಕ್ಟರ್ ಬಂದು, "ಎಲ್ಲಿಗೆ ಅಜ್ಜಾ?" ಎಂದ.

ಮಾವನ ಮುಖ ಕಪ್ಪಿಟ್ಟಿತು. "ಹೊನ್ನಾವರ ಎರಡು."

"ಮಾವಾ, ಭಟ್ಕಳ!"

"ಸುಮ್ನಿರು. ಆಗೂ ಕೆಲಸ ಕೆಟ್ಟೋತು. ಹೊನ್ನಾವರದಲ್ಲಿ ಇಳ್ದು ಹೊಸ್ತಾಗಿ ಹೊರಡುವಾ."

"ಕಂಡಕ್ಟರ್ ಕೇಳದೆ ಮತ್ತೆಂತ ಮಾಡ್ಬೇಕು?"

ಹೊಸದಾಗಿ ಹೊರಡಲು ಒಂದು ಮನೆ ಬೇಕಲ್ಲ, ಹೊನ್ನಾವರ ಬಂದರಿನ ಹತ್ತಿರ ಮಾವನ ಹಳೆಯ ಜೊತೆಗಾರನೊಬ್ಬನಿದ್ದ. ಜಗಲಿಯಲ್ಲಿ ಕೂತು ಒಂದು ಲೋಟ ನೀರು ಕುಡಿದು ಏಳುವುದು ಎಂದಾಗಿತ್ತು. ನೀರಿನ ಹಿಂದೆ ಅನ್ನ ಬಂತು, ಅನ್ನದ ಹಿಂದೆ ಬಂಗಡೆ ಸಾರು, ಸಾರಿನ ಹಿಂದೆ ಇಬ್ಬರ ಹಳೆಯ ಬೋಟಿನ ಪುರಾಣ. ನಾನು ಸಿಟ್ಟಿನಲ್ಲೇ ಎರಡನೇ ಸಲ ಅನ್ನ ಹಾಕಿಸಿಕೊಂಡೆ, ಸಾರು ಹಾಗಿತ್ತು.

ಮುಂದಿನ ಬಸ್ಸಿನಲ್ಲಿ ಕಂಡಕ್ಟರ್ ಇನ್ನೂ ಬಾಗಿಲಲ್ಲಿದ್ದಾಗಲೇ ಮಾವ ಎದ್ದು ನಿಂತು, "ಭಟ್ಕಳ ಎರಡು!" ಎಂದು ಬೋಟಿನಿಂದ ದಡಕ್ಕೆ ಕೇಳುವಂತೆ ಕೂಗಿದ. ಡ್ರೈವರ್ ಹೆದರಿ ಬ್ರೇಕ್ ಹಾಕಿದ. ಹೆದ್ದಾರಿ ಕೆಲಸದವರು ಮಂಕಿಯ ಹತ್ತಿರ ಮತ್ತಷ್ಟು ಹೊತ್ತು ನಿಲ್ಲಿಸಿದರು. ಮೈದಾನ ಮುಟ್ಟಿದಾಗ ಮೊದಲರ್ಧ ಮುಗಿದಿತ್ತು.

"ಕ್ಯಾ ಭಾಯ್, ಈಗ ಬರೂದಾ?" ಎಂದು ನಮ್ಮ ತಂಡದ ಕ್ಯಾಪ್ಟನ್ ಇಮ್ರಾನ್ ಅಂಗಿ ಎಸೆದ. ಮೈದಾನಕ್ಕಿಳಿದು ಶಾಮಿಯಾನದ ಕಡೆ ನೋಡಿದೆ. ಇಳಿಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ನಡುವಿನ ಕುರ್ಚಿಯಲ್ಲಿ ಬಿಳಿ ಅಂಗಿಯವರೊಬ್ಬರು ಕಂಡರು. ಸದ್ಯ, ಬದುಕಿದೆ ಎಂದುಕೊಂಡೆ.

ಎದುರಿನ ಹುಡುಗ ಗಾಳಿಯಂತೆ ಓಡುವವನು. ಓಡಿ ಅವನನ್ನು ಹಿಡಿಯಲಾರೆ ಎಂದು, ಅವನು ಹೋಗುವ ಜಾಗಕ್ಕೆ ಮೊದಲೇ ಹೋಗಿ ನಿಲ್ಲುತ್ತಿದ್ದೆ. ಚೆಂಡು ಕಸಿದಾಗೆಲ್ಲ ಕುರ್ಚಿಯವರು ತಲೆಯಾಡಿಸಿದಂತೆ ಕಾಣುತ್ತಿತ್ತು. ನನಗೆ ಇನ್ನಷ್ಟು ಹುರುಪು. ಅಷ್ಟು ಚೆನ್ನಾಗಿ ನಾನು ಯಾವತ್ತೂ ಆಡಿರಲಿಲ್ಲ. ಆಟ ಗೋಲಿಲ್ಲದೆ ಮುಗಿಯಿತು.

ಬೆವರು ಒರೆಸಿಕೊಳ್ಳುತ್ತ ಶಾಮಿಯಾನಕ್ಕೆ ಓಡಿದೆ. ನಡುವಿನ ಕುರ್ಚಿಯಲ್ಲಿ ಬಿಳಿ ಅಂಗಿಯ ಮಾವ ಕಾಲು ಮಡಚಿ ಕೂತು ಲಿಂಬು ಸೋಡಾ ಕುಡಿಯುತ್ತಿದ್ದ.

"ಗೋವಾದವರಿಗೆ ಟ್ರೇನ್ ಇತ್ತು. ಹಾಫ್ ಟೈಮ್‌ವರೆಗೆ ಕಾದು ಹೋದ್ರು" ಎಂದ ಇಮ್ರಾನ್. ಫೋನ್ ಮಾಡಿದೆ. ಬೇರೆ ಹುಡುಗನನ್ನು ತೆಗೆದುಕೊಂಡಾಯಿತು ಎಂದು ಅವರು ಮೃದುವಾಗಿಯೇ ಹೇಳಿದರು.

ಮರಳುವ ಬಸ್ಸಿನಲ್ಲಿ ಮಾವನಿಗೆ ಬಿಡದೆ ಕಿಟಕಿಯ ಪಕ್ಕ ನಾನೇ ಕೂತೆ. ಅಳುವೂ ಬರುತ್ತಿತ್ತು, ಅವನನ್ನು ಬಸ್ಸಿನಿಂದ ಇಳಿಸಿಬಿಡಬೇಕು ಎಂದೂ ಅನಿಸುತ್ತಿತ್ತು. ಶರಾವತಿ ಸೇತುವೆಯ ಮೇಲೆ ಅವನೇ ಬಾಯಿಬಿಟ್ಟ.

"ಮಂಜು, ಊರಲ್ಲಿ ಎಲ್ಲ ನನ್ನತ್ರ, 'ನಿನ್ನ ಅಳಿಯ ಎಷ್ಟು ಗೋಲು ಹೊಡ್ದ' ಅಂತ ಕೇಳ್ತ್ರು. ನಾನೂ ಹಾಂಗೇ ಕೇಳ್ತಿದ್ದೆ. ಇವತ್ತು ಕಂಡೆ. ನೀ ನಿಂತಲ್ಲಿ ಒಂದೂ ದಾಟ್ಲಿಲ್ಲ ಮಾರಾಯ."

ಇಷ್ಟು ವರ್ಷಗಳಲ್ಲಿ ಮನೆಯವರ ಬಾಯಿಂದ ಈ ಮಾತು ಕೇಳಿದ್ದು ಅದೇ ಮೊದಲು. ಮುಖ ತಿರುಗಿಸಿ ಹೊಳೆ ನೋಡುತ್ತ ಕೂತೆ.

"ಮುಂದಿನ ಆಟ ಯಾವಾಗ? ನಾನೂ ಬರ್ತೆ" ಎಂದ.

"ಹೇಳ್ತೆ ಮಾವಾ" ಎಂದೆ.