ನಗುತ್ತಲೇ ನನ್ನ ಚಪ್ಪರ ಕಿತ್ತ ಜಾವಾ ಬಾಯಿ

ಆಗ ನನಗೆ ಐವತ್ತಾರು. ಅದಕ್ಕೀಗ ಇಪ್ಪತ್ತು ವರ್ಷದ ಮೇಲಾಯಿತು. ಅಷ್ಟರಲ್ಲಿ ಹಲ್ಲು ಹೋದವು, ಮೊಣಕಾಲು ಹೋದವು, ಜಾವಾ ಬಾಯಿಯ ಮೇಲಿನ ಸಿಟ್ಟು ಮಾತ್ರ ಹೋಗಿಲ್ಲ. ಜಗಳ ಆಡಿದವರ ಮೇಲೆ ಸಿಟ್ಟು ಉಳಿಯುವುದಿಲ್ಲ, ಬೈದು ಮುಗಿಸಿರುತ್ತೇವೆ. ಈಕೆ ಜಗಳಕ್ಕೇ ಬರಲಿಲ್ಲ. ನಗುತ್ತಿದ್ದಳು. ಅಂಗೈಯಿಂದ ಬಾಯಿ ಮುಚ್ಚಿಕೊಂಡು, ಭುಜ ಇಳಿಸಿ, ಎದುರಿಗಿದ್ದವರಿಗಿಂತ ತಾನು ಗಿಡ್ಡ ಕಾಣಬೇಕು ಅನ್ನುವ ಹಾಗೆ ಬಗ್ಗಿ ನಗುತ್ತಿದ್ದಳು. ಮೊದಲೇ ಗಿಡ್ಡ ಹೆಂಗಸು, ನನ್ನ ಭುಜಕ್ಕೆ ಬರುತ್ತಿದ್ದಳು.

ಯಾರ ಮುಖದ ಮೇಲೂ ಇಲ್ಲ ಎಂದು ಹೇಳಿದವಳಲ್ಲ. ಸಕ್ಕರೆ ಕೇಳಿದರೆ, ಡಬ್ಬಿ ಖಾಲಿ ಬಿದ್ದಿದ್ದರೂ, ಇನ್ನೂ ತಂದಿಲ್ಲ ಅನ್ನುವಳು, ಈಗಲೋ ಆಗಲೋ ತರುವವಳ ಹಾಗೆ. ನಲವತ್ತು ದಾಟಿದ ಹೆಂಗಸಿಗೆ ಮಕ್ಕಳೆಷ್ಟು ಎಂದು ನಾನು ಮೊದಲ ದಿನ ಕೇಳಿದೆ. “ಇನ್ನಾ ಆಗಿಲ್ರಿ ಅವ್ವಾ” ಅಂದಳು, ಬಾಯಿ ಮುಚ್ಚಿಕೊಂಡು.

ಹೆಸರು ಸುಲಸ್ತ್ರಿ. ಬೀದರ್ ಕಡೆಯ ಶರಣಪ್ಪ ಇಂಡೋನೇಷ್ಯಾದ ಜಾವಾದಲ್ಲಿ ಬಟ್ಟೆ ಮಿಲ್ಲಿನ ನೇಯ್ಗೆ ಮಾಸ್ತರನಾಗಿದ್ದ. ಅಲ್ಲೇ ಈಕೆಯನ್ನು ಮದುವೆಯಾದ. ಅಲ್ಲಿ ಗಲಾಟೆಯಾಗಿ ಮಿಲ್ಲು ಮುಚ್ಚಿದಾಗ ಹೆಂಡತಿಯನ್ನು ಕರೆದುಕೊಂಡು ಬಂದು ನಾಚಾರಂನ ಒಂದು ಕಾರ್ಖಾನೆಗೆ ಸೇರಿ, ನಮ್ಮ ಗಲ್ಲಿಯ ತುದಿಯ ಮನೆ ಕೊಂಡ. ಗಲ್ಲಿಗೆ ಬರುವ ಮೊದಲೇ ಆಕೆ ಅತ್ತೆಯಿಂದ ಕನ್ನಡ ಕಲಿತಿದ್ದಳು. ಗಲ್ಲಿಯಲ್ಲಿ ಮಿಕ್ಕವರೆಲ್ಲ ತೆಲುಗಿನವರು, ಹಿಂದಿಯವರು. ಕನ್ನಡದ ಮನೆ ಎಂದರೆ ಅವರದು ಮತ್ತು ನನ್ನದು. ಅದೇ ನನ್ನ ಗ್ರಹಚಾರ. ಮಾತಿಗೆ ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದಳು.

ನನ್ನ ಗಂಡ ಬಿಟ್ಟು ಹೋದದ್ದು ಒಂದು ಖೋಲಿ, ಅದರ ಮುಂದೆ ಒಂದು ತುಂಡು ಜಾಗ. ಅಲ್ಲಿ ಬಿದಿರು ನೆಟ್ಟು, ತಗಡು ಹೊದಿಸಿ, ಒಲೆ ಹೂಡಿ ಜೋಳದ ರೊಟ್ಟಿ ಬಡಿಯುತ್ತಿದ್ದೆ. ಆಗ ಊರಿನ ಆಚೆ ತುದಿಗೆ ಕಂಪ್ಯೂಟರ್ ಕಂಪನಿಗಳ ಹೈಟೆಕ್ ಸಿಟಿ ಎದ್ದು ನಿಂತಿತ್ತು. ಹುಬ್ಬಳ್ಳಿ, ಮೈಸೂರು, ಉಡುಪಿಯ ಹುಡುಗರು ಅಲ್ಲಿಯ ಬಾಡಿಗೆ ಕೊಡಲಾರದೆ ನಮ್ಮ ಕಡೆ ಖೋಲಿ ಹಿಡಿಯುತ್ತಿದ್ದರು. ಸಂಜೆ ಕಂಪನಿಯ ಬಸ್ಸಿನಿಂದ ಇಳಿದವರು ಸೀದಾ ನನ್ನ ಚಪ್ಪರಕ್ಕೆ ಬಂದು, ನಿಂತೇ ರೊಟ್ಟಿ, ಝುಣಕ, ಶೇಂಗಾ ಹಿಂಡಿ ತಿನ್ನುತ್ತಿದ್ದರು. ಕನ್ನಡ ಕಿವಿಗೆ ಬೀಳುತ್ತದೆ ಎಂದು ಬರುವವರೂ ಇದ್ದರು. ನನಗೆ ಅದರಿಂದ ಏನೂ ಆಗಬೇಕಿರಲಿಲ್ಲ. ತಿಂದರೆ ಸಾಕಿತ್ತು. ಆ ಚಪ್ಪರ ನನ್ನ ಹೊಟ್ಟೆ.

ಜಾವಾ ಬಾಯಿ ಬಂದ ಹೊಸದರಲ್ಲೇ ತನ್ನ ಊರಿನ ರೀತಿ ನಮ್ಮ ಗಲ್ಲಿಗೆ ತಂದು ಹಚ್ಚಿದಳು. ಅಲ್ಲಿ ಗಲ್ಲಿಗೊಬ್ಬ ಹಿರಿಯನಂತೆ. ಸಂಬಳವಿಲ್ಲ. ಸರ್ಕಾರದ್ದನ್ನು ಗಲ್ಲಿಗೆ ಹೇಳುವವನೂ ಅವನೇ, ಗಲ್ಲಿಯದನ್ನು ಸರ್ಕಾರಕ್ಕೆ ಮುಟ್ಟಿಸುವವನೂ ಅವನೇ. ಯಾರ ಮನೆಗೆ ನೆಂಟರು ಬಂದು ಉಳಿದರೂ ಅವನಿಗೆ ತಿಳಿಸಬೇಕು. ಗಂಡಸರು ಸರದಿಯ ಮೇಲೆ ಗಲ್ಲಿ ಕಾಯಬೇಕು. ಭಾನುವಾರ ಮನೆಗೊಬ್ಬರು ಕಸಬರಿಗೆ ಹಿಡಿದು ಹೊರಗೆ ಬರಬೇಕು. ಆಕೆಯ ಅಪ್ಪ ಅಂಥ ಹಿರಿಯ. ಇಲ್ಲಿ ಯಾರೂ ಆಕೆಯನ್ನು ಹಿರಿಯಳು ಮಾಡಲಿಲ್ಲ. ತಾನೇ ಆದಳು.

ಒಮ್ಮೆ ಕಲಬುರಗಿಯಿಂದ ನನ್ನ ತಂಗಿ ಬಂದಿದ್ದಳು. ಸಂಜೆ ಬಾಳೆಹಣ್ಣಿನ ಬಜ್ಜಿಯ ತಟ್ಟೆ ಹಿಡಿದು ಜಾವಾ ಬಾಯಿ ಹಾಜರು. ತಟ್ಟೆ ಇಟ್ಟು, ತಂಗಿಯ ಹೆಸರು ಕೇಳಿದಳು, ಊರು ಕೇಳಿದಳು, ಯಾವಾಗ ಹೋಗುತ್ತಾಳೆ ಎಂದೂ ಕೇಳಿದಳು. ನನಗೆ ನೆತ್ತಿಗೇರಿತು.

“ನೀ ಏನು ಪೊಲೀಸ್ ಇದ್ದೀಯೇನವಾ?” ಅಂದೆ.

“ಹಂಗಲ್ರಿ ಅವ್ವಾ. ಬಂದಾಕಿ ಅಕಸ್ಮಾತ್ ಸತ್ತರ, ಯಾರಿಗೆ ಹೇಳಿಕಳಿಸಬೇಕು ಗೊತ್ತಿರಬೇಕಲ್ರಿ.”

ತಂಗಿ ಮಾರನೆಯ ದಿನವೇ ಊರಿಗೆ ಹೊರಟಳು.

ಭಾನುವಾರದ್ದು ಇನ್ನೊಂದು ಕಾಟ. ಯಾರನ್ನೂ ಕರೆಯುತ್ತಿರಲಿಲ್ಲ. ಬೆಳಿಗ್ಗೆ ಎದ್ದು ನಿಮ್ಮ ಬಾಗಿಲ ಮುಂದಿನ ಕಸ ತಾನೇ ಗುಡಿಸುತ್ತಿದ್ದಳು. ಒಳಗಿದ್ದವರಿಗೆ ನಾಚಿಕೆಯಾಗಿ ಹೊರಗೆ ಬರಬೇಕು. ಕಿರಾಣಿ ಅಂಗಡಿಯ ಮಲ್ಲೇಶಂ, ತನ್ನ ಮನೆಯಲ್ಲಿ ನೀರಿನ ಲೋಟ ಎತ್ತಿಡದ ಗಂಡಸು, ಆತನೂ ಒಂದು ತಿಂಗಳಲ್ಲಿ ಬುಟ್ಟಿ ಹೊತ್ತ. ನಾನು ಹೊಸ್ತಿಲ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತ, ಅಲ್ಲೊಂದು ಕಾಗದ ಉಳಿಯಿತು ನೋಡು ಎಂದು ಬೆರಳು ಮಾಡಿ ತೋರಿಸುತ್ತಿದ್ದೆ. ಅದನ್ನೂ ಎತ್ತಿದಳು. ನಕ್ಕಳು.

ಮಧ್ಯಾಹ್ನ ನನ್ನ ಒಲೆಯ ಪಕ್ಕ ಬಂದು ಕುಕ್ಕರಗಾಲಲ್ಲಿ ಕೂತು ಊರಿನ ಕಥೆ ಹೇಳುವಳು. ಅಲ್ಲಿ ಸಭೆ ಅಂದರೆ ಕೈ ಎತ್ತುವುದಿಲ್ಲವಂತೆ. ಎಲ್ಲರ ಮಾತೂ ಒಂದಾಗುವ ತನಕ ಕೂಡುತ್ತಾರಂತೆ. ಅದ್ಯಾಕೆ, ಕೈ ಎತ್ತಿಸಿ ಎಣಿಸಿದರೆ ಮುಗಿಯಿತಲ್ಲ ಅಂದೆ.

“ಎಣಿಸಿದ್ರ ಸೋತವರು ಉಳೀತಾರಲ್ರಿ. ಸೋತವರೂ ಅದೇ ಗಲ್ಲಿಯೊಳಗ ಇರಬೇಕು” ಅಂದಳು.

ಗಲಾಟೆಯ ದಿನಗಳಲ್ಲಿ ಪಕ್ಕದ ಗಲ್ಲಿಗಳಲ್ಲಿ ಚೀನಿ ಜನರ ಅಂಗಡಿ ಸುಟ್ಟರಂತೆ. ಇವರ ಗಲ್ಲಿಯಲ್ಲೂ ಒಬ್ಬ ಚೀನಿ ಅಂಗಡಿಯವನಿದ್ದ. ಅಪ್ಪ ಎಲ್ಲರನ್ನೂ ಚಾಪೆಯ ಮೇಲೆ ಕೂಡಿಸಿ, ಅಂಗಡಿ ಉಳಿಸಬೇಕು ಎಂದು ಒಂದೇ ಮಾತಿಗೆ ತಂದನಂತೆ. ಅಂಗಡಿ ಉಳಿಯಿತು. ಅದೇ ಅಪ್ಪ, ಮೊದಲೆಲ್ಲ ಚುನಾವಣೆ ಬಂದರೆ ಮೇಲಿನವರು ಹೇಳಿದ ಪಕ್ಷಕ್ಕೇ ಗಲ್ಲಿ ಪೂರ್ತಿ ಓಟು ಹಾಕಿಸುತ್ತಿದ್ದನಂತೆ. ಬೇಡ ಅಂದಿದ್ದರೆ ಏನಾಗುತ್ತಿತ್ತು ಎಂದು ಕೇಳಿದೆ. ತನ್ನ ಕೈ ನೋಡಿಕೊಂಡಳು. ಯಾರೂ ಅನ್ನಲಿಲ್ಲ ಅಂದಳು. ಆಗಲೇ ನಾನು ಎಚ್ಚರವಾಗಬೇಕಿತ್ತು.

ನಮ್ಮ ಗಲ್ಲಿಗೆ ಗಟಾರದ ಪೈಪು ಇರಲಿಲ್ಲ. ಮಳೆ ಬಂದರೆ ಹೊಲಸು ನೀರು ಮನೆಯೊಳಗೆ ಬರುತ್ತಿತ್ತು. ಕಾರ್ಪೊರೇಟರ್ ಪೈಪು ಹಾಕಿಸಲು ಒಪ್ಪಿದ, ಆದರೆ ಗಲ್ಲಿ ಅಗಲವಾಗಬೇಕು, ಎಲ್ಲರೂ ಮುಂದಿನ ಜಾಗ ಬಿಡಬೇಕು ಅಂದ. ಮಿಕ್ಕವರಿಗೆ ಹೋಗುವುದು ಒಂದು ಮೆಟ್ಟಿಲು, ಒಂದು ತುಳಸಿ ಕಟ್ಟೆ. ನನಗೆ ಹೋಗುವುದು ಚಪ್ಪರ. ಪೈಪು ಬಂದರೆ ಮೇಲೆ ಮಾಳಿಗೆ ಎಬ್ಬಿಸಿ ಕಂಪ್ಯೂಟರ್ ಹುಡುಗರಿಗೆ ಬಾಡಿಗೆ ಕೊಡಬಹುದು ಎಂದು ಎಲ್ಲರ ಬಾಯಲ್ಲೂ ನೀರು. ಬರೀ ಹೊಲಸು ನೀರಿನ ಚಿಂತೆ ಯಾರಿಗೂ ಇರಲಿಲ್ಲ. ಇದ್ದರೆ ಜಾವಾ ಬಾಯಿಗೆ ಒಬ್ಬಳಿಗೇ.

ಆಕೆಯ ಅಂಗಳದಲ್ಲಿ ಬೈಠಕ್ ಆಯಿತು. ಚಾಪೆ ಹಾಸಿದ್ದಳು. ಕಾರ್ಪೊರೇಟರನ ಕಡೆಯವನು ಕುರ್ಚಿ ಕೇಳಿದ. ಇನ್ನೂ ತರಿಸಿಲ್ಲ ಅಂದಳು. ನೆಲದ ಮೇಲೆ ಕೂತ. ಕೊಡುವುದಿಲ್ಲ ಎಂದು ನಾನು ಕೂಗಿದೆ. ಎದ್ದರು. ಮುಂದಿನ ವಾರ ಮತ್ತೆ ಕೂತರು, ಮತ್ತೆ ಕೂಗಿದೆ. ನಡುವಿನ ದಿನಗಳಲ್ಲಿ ಆಕೆ ನನ್ನ ಒಲೆಯ ಹತ್ತಿರ ಬಂದು, ಗಟಾರದ ಸುದ್ದಿ ಎತ್ತದೆ, ಪರಾತದಲ್ಲಿ ಹಿಟ್ಟು ನಾದಿಕೊಟ್ಟು ಹೋಗುತ್ತಿದ್ದಳು. ಯಾರೂ ನನ್ನನ್ನು ಬೈಯಲಿಲ್ಲ. ಎದುರು ಸಿಕ್ಕರೆ ಎಲ್ಲರೂ ಆಕೆಯ ಹಾಗೆಯೇ ನಗಲು ಕಲಿತಿದ್ದರು. ಮೈಯೆಲ್ಲ ತುರಿಕೆ ಎದ್ದಂತಾಗುತ್ತಿತ್ತು.

ಮೂರನೆಯ ಬೈಠಕ್ಕಿಗೆ ಹೋಗುವಾಗ, ಇನ್ನು ಬಾಯಿ ನೋಯಿಸಿಕೊಳ್ಳುವುದಿಲ್ಲ ಎಂದು ತೀರ್ಮಾನಿಸಿದೆ. ಹೇಳಿದ್ದು ಹೇಳಿಯಾಗಿದೆ, ಎಲ್ಲರಿಗೂ ಗೊತ್ತಿದೆ. ಗೋಡೆಗೆ ಒರಗಿ ಕೂತೆ. ಆಕೆ ಸುತ್ತ ನೋಡಿ, ಯಾರದಾದರೂ ಬೇರೆ ಮಾತು ಇದೆಯೇ ಎಂದು ತನ್ನ ಹರಕು ಹಿಂದಿಯಲ್ಲಿ ಕೇಳಿದಳು. ನನ್ನ ಕಡೆ ನೋಡಿದಳು. ಮತ್ತೊಮ್ಮೆ ನೋಡಿದಳು. ನಾನು ಎಲೆ ಅಗಿಯುತ್ತಿದ್ದೆ. ಬಜ್ಜಿ ಬಂತು. ನಾನೂ ತಿಂದೆ. ಬಿಸಿ ಇತ್ತು.

ಎರಡು ದಿನ ಬಿಟ್ಟು ಬೇಗಂ ಬಜಾರಿಗೆ ಜೋಳ ತರಲು ಹೋಗಿ ಬಂದರೆ, ತಗಡು ಬಿಚ್ಚಿ ನನ್ನ ಬಾಗಿಲಿಗೆ ಒರಗಿಸಿದ್ದರು. ಬಿದಿರಿನ ಗಳಗಳನ್ನು ಹಗ್ಗದಿಂದ ಚೊಕ್ಕಟವಾಗಿ ಕಟ್ಟಿಟ್ಟಿದ್ದರು. ಒಲೆಯ ಜಾಗದಲ್ಲಿ ಗುಂಡಿ. ಹಾರೆ ಹಿಡಿದ ಆಳುಗಳ ಪಕ್ಕದಲ್ಲಿ ಆಕೆ ನಿಂತಿದ್ದಳು.

“ನಾ ಹೂಂ ಅಂದಿದ್ದೆನೇನ?” ಎಂದು ಕೇಳಿದೆ.

“ಬ್ಯಾಡ ಅನ್ನಲಿಲ್ಲಲ್ರಿ ಅವ್ವಾ. ನಾ ಎರಡು ಸಲ ನಿಮ್ಮನ್ನ ನೋಡಿದೆ.”

ಆಗ ತಿಳಿಯಿತು. ನಮ್ಮ ಕಡೆ ಮುನಿದವರು ಸುಮ್ಮನಿರುತ್ತಾರೆ. ಆಕೆಯ ಊರಲ್ಲಿ ಒಪ್ಪಿದವರು ಸುಮ್ಮನಿರುತ್ತಾರೆ. ಮಲ್ಲೇಶಂನನ್ನು ಕೇಳಿದರೆ, ಬಜ್ಜಿ ತಿಂದಾಗಲೇ ನೀನು ಒಪ್ಪಿದ ಹಾಗೆ ಎಂದು ನಾವು ಅಂದುಕೊಂಡೆವು ಅಂದ. ನಾನು ಒಪ್ಪಿಲ್ಲ ಎಂದು ಆತನಿಗೆ ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು. ಆಕೆಯ ರೀತಿ ಅವರಿಗೆ ಅನುಕೂಲವಾಗಿತ್ತು, ಅಷ್ಟೇ. ಗಲ್ಲಿ ಕೇಳುವ ಹಾಗೆ ಆಕೆಯನ್ನು ಬೈದೆ. ತಲೆ ತಗ್ಗಿಸಿ ಎಲ್ಲ ಕೇಳಿದಳು, ಮುಗಿದ ಮೇಲೆ ಕುಡಿಯಲು ನೀರು ತಂದುಕೊಟ್ಟಳು.

ಗುಂಡಿ ತೋಡಿದ ಮೇಲೆ ಪೈಪು ಬರಲಿಲ್ಲ. ದೊಡ್ಡ ರಸ್ತೆಯಲ್ಲಿ ಏಳುತ್ತಿದ್ದ ಅಪಾರ್ಟ್‌ಮೆಂಟಿನ ಕಡೆ ಹೋಯಿತು. ಜಾವಾ ಬಾಯಿ ದಿನಾ ಬೆಳಿಗ್ಗೆ ಚಾಪೆ ಸುತ್ತಿಕೊಂಡು, ಬಜ್ಜಿ ಕಟ್ಟಿಕೊಂಡು ಕಾರ್ಪೊರೇಟರನ ಮನೆಯ ಮೆಟ್ಟಿಲ ಮೇಲೆ ಹೋಗಿ ಕೂತಳು. ಘೋಷಣೆ ಇಲ್ಲ, ಬೈಗುಳ ಇಲ್ಲ. ಅವನ ಮನೆಗೆ ಬಂದವರಿಗೆಲ್ಲ ಬಜ್ಜಿ ಕೊಟ್ಟು ನಕ್ಕಳು. ಕೂಗುವವರನ್ನು ಓಡಿಸಬಹುದು, ಬಜ್ಜಿ ಕೊಡುವವಳನ್ನು ಏನು ಮಾಡುವುದು? ಕೊನೆಗೆ ಅವನೇ ಸೋತು ಪೈಪು ಕಳಿಸಿದ. ಆಕೆಯ ಕೈಗೆ ಸಿಕ್ಕಿ ನರಳಿದವಳು ನಾನೊಬ್ಬಳೇ ಅಲ್ಲ ಎಂದು ಅವತ್ತು ತುಸು ಹಿತವಾಯಿತು.

ಹೊಲಸು ನೀರು ಮನೆಗೆ ಬರುವುದು ನಿಂತಿತು. ಸುಳ್ಳು ಹೇಳುವುದಿಲ್ಲ. ಗಲ್ಲಿಯ ತುಂಬ ಮಾಳಿಗೆ ಎದ್ದವು, ಕಾರು ಬಂದವು. ನಾನು ಒಳಗಿನ ಖೋಲಿಯಲ್ಲಿ ಒಲೆ ಹೂಡಿ ಹೊಗೆ ಕುಡಿದೆ. ಹೊಗೆಯಲ್ಲಿ ಕೂತು ತಿನ್ನಲು ಯಾವ ಹುಡುಗ ಬರುತ್ತಾನೆ? ಕಟ್ಟಿಸಿಕೊಂಡು ಹೋಗುವ ನಾಲ್ಕು ಜನ ಉಳಿದರು. ಚಪ್ಪರ ಮತ್ತೆ ಹಾಕುವ ಯೋಚನೆ ಎಷ್ಟೋ ಸಲ ಬಂತು. ಗಳ ಹೊರಗೆ ತಂದರೆ ಆಕೆ ಬಂದು ಪಕ್ಕದಲ್ಲಿ ಕೂಡುತ್ತಾಳೆ, ನಗುತ್ತಾಳೆ, ಹಿಟ್ಟು ನಾದುತ್ತಾಳೆ. ನಾನು ಯಾರಿಗೂ ಹೆದರಿದವಳಲ್ಲ. ಆ ನಗೆಗೆ ಹೆದರಿದೆ.

ಮೂರು ನಾಲ್ಕು ವರ್ಷದ ಮೇಲೆ ಜಾವಾದ ಮಿಲ್ಲು ಮತ್ತೆ ತೆರೆಯಿತು, ಶರಣಪ್ಪನನ್ನು ಕರೆಸಿಕೊಂಡರು. ಹೊರಡುವ ಸಂಜೆ ಜಾವಾ ಬಾಯಿ ಮನೆಮನೆಗೆ ಹೋಗಿ, ತನ್ನಿಂದ ತಪ್ಪಾಗಿದ್ದರೆ ಮಾಫ್ ಮಾಡಿ ಎಂದು ಕೈ ಮುಗಿದಳು. ಅದೂ ಅವರ ರೀತಿಯಂತೆ. ಎಲ್ಲರೂ ಕಣ್ಣೊರೆಸಿಕೊಂಡು ಅಪ್ಪಿಕೊಂಡು ಕಳಿಸಿದರು. ಕಡೆಗೆ ನನ್ನ ಖೋಲಿಗೆ ಬಂದಳು. ಅದೇ ಕುಕ್ಕರಗಾಲಲ್ಲಿ ಕೂತಳು.

“ಅವ್ವಾ, ಮಾಫ್ ಮಾಡ್ರಿ.”

ನಾನು ರೊಟ್ಟಿ ಬಡಿಯುತ್ತಿದ್ದೆ. ಹಂಚಿನ ಮೇಲಿದ್ದುದನ್ನು ತಿರುವಿ ಹಾಕಿದೆ. ಆಕೆ ಕೂತೇ ಇದ್ದಳು. ಇದು ನನಗೆ ಗೊತ್ತಿದ್ದ ಆಟ. ನಾನು ಮಾತಾಡದಿದ್ದರೆ ಮಾಫಿ ಸಿಕ್ಕಿತು ಎಂದು ಎದ್ದು ಹೋಗುತ್ತಾಳೆ.

“ಇಲ್ಲ” ಅಂದೆ. “ಕೇಳಸ್ತೇನ? ಈ ಸಲ ಸುಮ್ಮನ ಕುಂತಿಲ್ಲ ನಾ. ಬಾಯಿ ಬಿಟ್ಟು ಹೇಳಾಕತ್ತೀನಿ. ಮಾಡೂದಿಲ್ಲ.”

ಹೊರಗೆ ಆಟೋದವನು ಹಾರ್ನ್ ಹೊಡೆದ. ಆಕೆ ಏಳಲಿಲ್ಲ. ನಾನು ಇನ್ನೊಂದು ರೊಟ್ಟಿ ಬಡಿದೆ, ಬೇಯಿಸಿದೆ, ಬುಟ್ಟಿಗೆ ಹಾಕಿದೆ. ಶರಣಪ್ಪ ಬಾಗಿಲಿಗೆ ಬಂದು, ಹೊತ್ತಾಯಿತು ಅಂದ. ನಾನು ಇನ್ನೊಮ್ಮೆ ಇಲ್ಲ ಅಂದೆ.

ಆಗ ಆಕೆಯ ಕೈ ಬಾಯಿಯಿಂದ ಕೆಳಗಿಳಿಯಿತು. ಆ ಮುಖದಲ್ಲಿ ನಗೆ ಇಲ್ಲದ್ದನ್ನು ನಾನು ನೋಡಿದ್ದು ಅದೊಂದೇ ಸಲ. ವಯಸ್ಸಾದ, ದಣಿದ ಹೆಂಗಸು.

“ನಿಮ್ಮ ಊರಾಗ ಯಾರೂ ಬ್ಯಾಡ ಅನ್ನೂದೇ ಇಲ್ಲೇನ?” ಎಂದು ಕೇಳಿದೆ.

“ಅಂತಾರ್ರಿ ಅವ್ವಾ. ಮನಿಗೆ ಹೋಗಿ ಅಂತಾರ.”

ಎದ್ದಳು. ಸೆರಗು ಸರಿಮಾಡಿಕೊಂಡಳು. ಹೊಸ್ತಿಲು ದಾಟಿದಳು. ಆಟೋ ಹೋಯಿತು. ಆಮೇಲೆ ಆಕೆಯ ಸುದ್ದಿ ಬರಲಿಲ್ಲ. ನಾನು ಕೇಳಲೂ ಇಲ್ಲ.

ಮಾರನೆಯ ದಿನ ಬೆಳಕು ಹರಿಯುತ್ತಲೇ ಅಟ್ಟದ ಮೇಲಿಂದ ಗಳ ಇಳಿಸಿದೆ. ಗಟಾರದ ಮುಚ್ಚಳ ಬಿಟ್ಟು, ಅದರ ಆಚೆ ಈಚೆ ಗುಂಡಿ ತೋಡಿದೆ. ಜನ ಹಲ್ಲುಜ್ಜುತ್ತ ಹೊರಗೆ ಬಂದು ನಿಂತರು. ಮಲ್ಲೇಶಂ ತನ್ನ ಕಾರಿನ ಕಡೆ ನೋಡಿದ, ನನ್ನ ಕೈಯಲ್ಲಿದ್ದ ಹಾರೆಯ ಕಡೆ ನೋಡಿದ. ನಾನು ಗಲ್ಲಿಯ ನಡುವೆ ನಿಂತು, ಈ ಚಪ್ಪರ ಬೇಡ ಅನ್ನುವವರು ಯಾರಿದ್ದೀರಿ ಎಂದು ಹಿಂದಿಯಲ್ಲಿ ಒಮ್ಮೆ, ತೆಲುಗಿನಲ್ಲಿ ಒಮ್ಮೆ ಕೇಳಿದೆ. ಒಬ್ಬೊಬ್ಬರ ಮುಖವನ್ನೂ ಎರಡೆರಡು ಸಲ ನೋಡಿದೆ. ಯಾರೂ ಬಾಯಿ ಬಿಡಲಿಲ್ಲ. ಹಾಗಾದರೆ ಎಲ್ಲರದೂ ಒಂದೇ ಮಾತಾಯಿತು ಎಂದು ಹೇಳಿ, ತಗಡು ಹೊದಿಸಿ, ಒಲೆ ಹಚ್ಚಿದೆ.