ಹೊಸ ನೀರಿಗೆ ಬೂಟು ಬಿಚ್ಚಿದವರು

ಹರಿಯುವ ನೀರಿನ ಮುಂದೆ ಹೇಗಿರಬೇಕೆಂದು ನಮ್ಮ ಸೀಮೆಯವರಿಗೆ ಗೊತ್ತಿಲ್ಲ. ವರ್ಷಗಟ್ಟಲೆ ಟ್ಯಾಂಕರ್ ನೀರು ನೋಡಿದವರು ನಾವು. ಬೇತಮಂಗಲದ ಕೆರೆ ಕೋಡಿ ಬಿತ್ತೆಂದರೆ ಸಂಸಾರ ಸಮೇತ ಬೈಕಿನಲ್ಲಿ ಓಡಿ, ಸೆಲ್ಫಿ ಹೊಡೆದು, ಅದೇ ಕೈಯಲ್ಲಿ ಅರಿಶಿನ ಕುಂಕುಮ ಬಿಡುತ್ತೇವೆ. ಭಕ್ತಿ ಬೇಕಾದಷ್ಟಿದೆ, ಬುದ್ಧಿ ಚಿಟಿಕೆಯಷ್ಟೂ ಇಲ್ಲ. ಅಂಥ ದಡ್ಡರಲ್ಲಿ ಮೊದಲನೆಯವನು ನಾನೇ.

ಬಂಗಾರಪೇಟೆಯಿಂದ ದಿನಾ ರೈಲು ಹಿಡಿದು ಕೆಲಸಕ್ಕೆ ಹೋಗುವ ನನಗೆ ಭಾನುವಾರ ಬೆಟ್ಟ ಹತ್ತುವ ಚಟ ಅಂಟಿತ್ತು. ಜೊತೆಗೆ ಹೆಂಡತಿಯ ತಮ್ಮನನ್ನೂ ಎಳೆದೊಯ್ಯುತ್ತಿದ್ದೆ. ಫೋನಿನಲ್ಲಿ ನಾಲ್ಕು ವಿಡಿಯೊ ನೋಡಿದ್ದೇ ಅವನಿಗೆ ಗುರುವಾಗಿಬಿಟ್ಟಿದ್ದೆ. ಹಳ್ಳ ಮೊಣಕಾಲು ಮೀರಿದರೆ ಇಳಿಯಬಾರದು, ಬೂಟು ಬಿಚ್ಚಬಾರದು, ಹಿಡಿದ ಕೈ ಬಿಡಬಾರದು ಎಂದು ದಾರಿಯುದ್ದಕ್ಕೂ ಪಾಠ. "ಅವನಿಗೆ ಈಜು ಬರಲ್ಲ, ಜೋಪಾನ" ಎಂದು ಹೆಂಡತಿ ಆ ಭಾನುವಾರ ಎರಡು ಸಲ ಹೇಳಿ ಕಳಿಸಿದ್ದಳು.

ಕಾಮಸಮುದ್ರದ ಆಚೆಯ ಬೆಟ್ಟದಿಂದ ಇಳಿಯುವಾಗ ಮಳೆ ಹಿಡಿಯಿತು. ಬೆಳಿಗ್ಗೆ ಒಣಗಿದ್ದ ಹಳ್ಳ ಕೆಂಪಗೆ ತುಂಬಿ ಹರಿಯುತ್ತಿತ್ತು. ದಡದ ಬಂಡೆಯ ಮರೆಯಲ್ಲಿ ಒಬ್ಬಾಕೆ ಎರಡು ಎಮ್ಮೆ ಹಿಡಿದು ಕುಳಿತಿದ್ದಳು. ಡೇರಿಗೆ ಹಾಲು ಹಾಕುವ ಹೊತ್ತಾಗಿದ್ದರೂ ಅವಳಿಗೆ ಅವಸರವಿರಲಿಲ್ಲ.

"ಎಮ್ಮೇನೇ ಇಳೀಲಿಲ್ಲ, ನೀವು ಓಗ್ತೀರೇನಪ್ಪಾ? ಮೇಲೆ ಇನ್ನೂ ಮಳೆ ಒಯ್ತಾ ಐತೆ. ಒಂದ್ ಗಂಟೆ ಕುಂತ್ಕಳಿ, ಇಳೀತದೆ" ಎಂದಳು.

ಓದಿದವರು ಎಮ್ಮೆಯ ಮಾತು ಕೇಳುತ್ತೇವೆಯೇ? ನೀರು ಮೊಣಕಾಲಷ್ಟೇ ಎಂದು ನಾನೇ ತೀರ್ಪು ಕೊಟ್ಟೆ. ಆದರೆ ಗಂಗಮ್ಮನ ಮೇಲೆ ಬೂಟುಗಾಲು ಇಡಲು ಮನಸ್ಸು ಬರಲಿಲ್ಲ. ಇಬ್ಬರೂ ಬೂಟು ಬಿಚ್ಚಿ ಕೊರಳಿಗೆ ನೇತುಹಾಕಿಕೊಂಡೆವು. ಬರಿಗಾಲಿನಲ್ಲಿ ಪಾಚಿಕಲ್ಲಿನ ಮೇಲೆ, ಅವನ ಕೈ ಹಿಡಿದು ನಾನು ಮುಂದೆ ಹೊರಟೆ. ನಡುಹಳ್ಳದಲ್ಲಿ ನೀರು ತೊಡೆಗೆ ಬಂತು. ಆಗ ನಾನು ಮಾಡಿದ್ದೇನು? ಹೊಸ ನೀರಲ್ಲವೇ, ಎರಡು ಕೈಯಲ್ಲೂ ಬೊಗಸೆ ತುಂಬಿ ಕಣ್ಣಿಗೆ ಒತ್ತಿಕೊಂಡೆ.

ಕಣ್ಣು ಬಿಟ್ಟಾಗ ಹಿಂದೆ ಅವನಿರಲಿಲ್ಲ.

ಅವನು ಕೆಳಗೆ ಹೊಂಗೆಯ ಬೇರು ತಬ್ಬಿಕೊಂಡು, ಬಾಯಿಗೆ ನುಗ್ಗುತ್ತಿದ್ದ ನೀರು ಉಗುಳುತ್ತಿದ್ದ. ನಾನು ಬಂಡೆಯೊಂದನ್ನು ಅಪ್ಪಿಕೊಂಡು ಅವನ ಹೆಸರು ಕೂಗುತ್ತ ನಿಂತೆ, ಅಷ್ಟೇ. ಎಮ್ಮೆಯ ಹಗ್ಗ ಬಿಚ್ಚಿ ಎಸೆದವಳು ಆಕೆ. ಮರಕ್ಕೆ ಒಂದು ಸುತ್ತು ಹಾಕಿ ಅವನನ್ನು ದಡಕ್ಕೆ ಎಳೆದವಳೂ ಆಕೆಯೇ. ನಾನು ತೆವಳಿಕೊಂಡು ವಾಪಸು ಬಂದೆ. "ಕೈ ಮುಗಿಯೋದು ದಡದಾಗೆ ಕಣಪ್ಪಾ" ಎಂದಷ್ಟೇ ಅಂದಳು. ಗಂಟೆ ಕಳೆಯುವಷ್ಟರಲ್ಲಿ ನೀರು ಪಾದಕ್ಕಿಳಿಯಿತು. ಬೂಟು ಹಾಕಿಕೊಂಡು ಎಮ್ಮೆಗಳ ಹಿಂದೆ ದಾಟಿದೆವು.

ಮನೆಯಲ್ಲಿ ಅವನು, "ಬಾವ ಎಳ್ಕೊಂಡ್ರು, ಇಲ್ಲಾಂದ್ರೆ ನಾನಿರ್ತಿರಲಿಲ್ಲ" ಎಂದ. ಹೆಂಡತಿ ಅದನ್ನು ನೆಂಟರಿಗೆಲ್ಲ ಹೇಳಿಕೊಂಡು ಬರುತ್ತಿದ್ದಾಳೆ. ನಾನು ಸುಮ್ಮನಿದ್ದೇನೆ. ಸುಮ್ಮನಿರುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ.

ಮೊನ್ನೆ ಆಂಡರ್ಸನ್‌ಪೇಟೆಯಲ್ಲಿ ರಸ್ತೆ ದಾಟುವಾಗ, ಹಿಡಿದುಕೊಳ್ಳಲೆಂದು ಬಾಮೈದನ ಪುಟ್ಟ ಮಗಳತ್ತ ಕೈ ಚಾಚಿದೆ. ಅವನು ಮಗುವನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡ.